ಕ್ರಶಿಂಗ್ ಚಾಲೂ ಆತೇನ್ರಿ?

ಚಳಿ ಬಿತ್ತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಚಹಾದಂಗಡಿಗಳಲ್ಲಿ ಒಂದೇ ಮಾತು: ‘ಫ್ಯಾಕ್ಟರಿ ಕ್ರಶಿಂಗ್ ಚಾಲೂ ಆತೇನ್ರಿ?’

‘ಕ್ರಶ್’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚ್ ಕ್ರಿಯಾಪದವೊಂದರಿಂದ. ಹಲ್ಲು ಕಟಕಟ ಕಡಿಯುವುದು, ಲಟಕ್ಕನೆ ಮುರಿಯುವುದು ಅದರ ಅರ್ಥ. ಚಹಾದಂಗಡಿಯ ಮಾತಿನ ‘ಫ್ಯಾಕ್ಟರಿ’ ಎಂದರೆ ಸಕ್ಕರೆ ಕಾರ್ಖಾನೆ; ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಅಂಥದೊಂದು ಕಂಪನಿಯಿದೆ. ಇಂಥ ಕಾರ್ಖಾನೆಗಳ ಉರುಳೆಗಳ ನಡುವೆ ಕಬ್ಬಿಗೆ ಆಗುವುದೂ ಅದೇ: ಲಟಲಟ ಸದ್ದು, ಕೆಳಗೆ ಹಸಿರುಗಂದು ರಸ, ಮುಂದೆ ಹಿಂಡಿದ ಸಿಪ್ಪೆ.



ಪತ್ರಿಕೆಗಳು ಮಾತ್ರ ‘ಕಬ್ಬು ನುರಿಸುವ ಹಂಗಾಮು’ ಎಂದು ಬರೆಯುತ್ತವೆ. ಎಂಥ ಚೆಂದದ ಪದ! ಅರೆಯುವ ‘ನುರಿ’ಯೇ ಪಳಗಿಸುವ ‘ನುರಿ’ಯೂ ಹೌದು. ‘ನುರಿತ ಡಾಕ್ಟರು’, ‘ನುರಿತ ಡ್ರೈವರ್’ ಎನ್ನುವಾಗ ಬಾಯಿಗೆ ಬರುವುದು ಅದೇ. ಕ್ರಶ್‌ಗೆ ಈ ಎರಡನೆಯ ಅರ್ಥವಿಲ್ಲ.