ಎರೆಹೊಲದಾಚೆಯ ಕಡಲು

ಅಸುಂಡಿಯ ಎರೆಹೊಲಕ್ಕೂ ಸಮುದ್ರಕ್ಕೂ ಬಹಳ ದೂರ. ನಮ್ಮ ಗದಗ ಸೀಮೆಯಲ್ಲಿ ‘ಅಪ್ಪ ಮಿಲಿಟರಿಯಲ್ಲಿದ್ದ’ ಎಂದರೆ ಭೂಸೇನೆಯೇ ಕಣ್ಣಮುಂದೆ ಬರುತ್ತದೆ. ನೌಕಾಪಡೆಯ ಅಪ್ಪಂದಿರ ಕತೆ ನಾವು ಕೇಳಿದ್ದು ಕಡಿಮೆ.

ಅಂಥದೊಂದು ಕತೆ ಇದು. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಹೊಡೆದ ಟಾರ್ಪಿಡೊಗೆ ನಮ್ಮ ನೌಕಾಪಡೆಯ ಐಎನ್‌ಎಸ್ ಖುಕ್ರಿ ಮುಳುಗಿತು. ಸುಮಾರು 1,200 ಟನ್‌ನ ಸಣ್ಣ ಯುದ್ಧನೌಕೆ. ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವುದೇ ಅದರ ಕೆಲಸ. ಸೋನಾರ್ ಮುಂದೆ ಕೂತ ನಾವಿಕ ಕಿವಿಗೊಟ್ಟು ಕೇಳಬೇಕು: ನೀರಿಗೆ ಬಿಟ್ಟ ಸದ್ದು ಮೀನಿನ ಹಿಂಡಿಗೆ ಬಡಿದು ಮರಳಿತೋ, ಶತ್ರುವಿನ ಉಕ್ಕಿಗೋ? ಅಂದು 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ. ಅವರ ಹೆಸರು ನಮಗೆ ಗೊತ್ತು, ಗೊತ್ತಿರಲೇಬೇಕು. ಎಂಜಿನ್ ಕೋಣೆಯಲ್ಲಿ, ಅಡುಗೆಮನೆಯಲ್ಲಿ ದುಡಿಯುತ್ತಿದ್ದವರ ಹೆಸರು?

ಬದುಕುಳಿದವರನ್ನು ಮರುದಿನ ನೀರಿನಿಂದ ಎತ್ತಿಕೊಳ್ಳಲಾಯಿತು.

ಆ ಯುದ್ಧ ಕಂಡ ನಾವಿಕರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ: ಯಾವ ಹಡಗು, ಯಾವ ಕೆಲಸ, ಜೊತೆಗೆ ಯಾರಿದ್ದರು. ಫೋನಿನಲ್ಲಿ ಅವರ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.