ಚರಂಡಿ ಬದಿಯ ತಿಮರೆ

ಚರ್ಮಕ್ಕೆ ಒಳ್ಳೆಯದೆಂದು ನೀವು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ಕೊರಿಯಾದ ‘ಸಿಕಾ’ ಕ್ರೀಮ್ ಉಂಟಲ್ಲ, ಅದರಲ್ಲಿರುವುದು ನಮ್ಮ ತಿಮರೆ ಮಾರಾಯ್ರೆ! ತುಳುವಿನ ತಿಮರೆ ಕನ್ನಡದಲ್ಲಿ ಒಂದೆಲಗ, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷ್ಯಾಟಿಕಾ. ಒಂದು ತೊಟ್ಟಿಗೆ ಒಂದೇ ಎಲೆ, ಅದಕ್ಕೇ ಆ ಹೆಸರು. ಕೊತ್ತಂಬರಿ, ಜೀರಿಗೆ, ಕ್ಯಾರೆಟ್‌ಗಳ ಕುಟುಂಬದ್ದು. ನೆಲಕ್ಕಂಟಿ ಹರಿಯುತ್ತಾ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ.

ಶ್ರೀಲಂಕಾದವರು ಇದಕ್ಕೆ ಗೊಟುಕೊಲ ಅನ್ನುತ್ತಾರೆ, ತೆಂಗಿನತುರಿ ಬೆರೆಸಿ ತಿನ್ನುತ್ತಾರೆ. ವಿಯೆಟ್ನಾಮಿನವರು ಜ್ಯೂಸ್ ಮಾಡಿ ಕುಡಿಯುತ್ತಾರೆ. ನಮ್ಮಲ್ಲಿ ಬೇರುಸಮೇತ ತೊಳೆದು ಚಟ್ನಿ, ಇಲ್ಲವೇ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದ ತಂಬುಳಿ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಅಮ್ಮ ಪರೀಕ್ಷೆಯ ಹೊತ್ತಿಗೆ ತಪ್ಪದೆ ಬಡಿಸುತ್ತಿದ್ದರು. ಮಾರ್ಕಿನ ವಿಷಯ ಕೇಳಬೇಡಿ.

ನಾನು ಕೆಲಸ ಮಾಡುವುದು ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ. ಮಳೆ ಶುರುವಾದರೆ ಸಾಕು, ಶೆಡ್ಡುಗಳ ನಡುವಿನ ಚರಂಡಿ ಬದಿಯಲ್ಲಿ ತಿಮರೆ ಚಾಪೆ ಹಾಸಿದ ಹಾಗೆ ಹಬ್ಬುತ್ತದೆ. ನಮ್ಮ ಕ್ಯಾಂಟೀನಿನ ಅಕ್ಕ ಸಂಜೆ ಮನೆಗೆ ಹೋಗುವಾಗ ಒಂದು ಮುಷ್ಟಿ ಕಿತ್ತುಕೊಳ್ಳುತ್ತಾರೆ. ತೊಂದರೆ ಏನೆಂದರೆ, ಈ ಗಿಡ ಮಣ್ಣಿನಲ್ಲಿರುವ ಸೀಸ, ಸತುವಿನಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ. ಮಲೇಷ್ಯಾದ ಸಂಶೋಧಕರು ಮಣ್ಣಿನ ಮಾಲಿನ್ಯ ತಿಳಿಯಲು ಇದೇ ಗಿಡವನ್ನು ಬಳಸಿ ನೋಡಿದ್ದಾರೆ. ಒಳಗೆ ಸೇರಿದ್ದು ಎಷ್ಟು ತೊಳೆದರೂ ಹೋಗುವುದಿಲ್ಲ.

ಹೇಳದೆ ಇರಲಾಗಲಿಲ್ಲ. “ಅಕ್ಕ, ಇಲ್ಲಿಯದ್ದು ತಿನ್ನಬೇಡಿ” ಅಂದೆ.

“ಇಲ್ಲಿ ನಮ್ಮದೇ ಗದ್ದೆ ಇತ್ತು ಮೇಡಂ. ಬದುವಿನಲ್ಲಿ ಇದೇ ತಿಮರೆ. ಆಗ ಯಾರೂ ಬೇಡ ಅನ್ನಲಿಲ್ಲ” ಅಂದರು. ಸಿಟ್ಟೇನೂ ಇರಲಿಲ್ಲ. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ನನ್ನ ಸಂಬಳ ಬರುವುದೂ ಆ ಗದ್ದೆಯ ಮೇಲೆ ಎದ್ದ ಶೆಡ್ಡಿನಿಂದಲೇ ಅಲ್ಲವೇ?

ಮುಂದಿನ ವಾರ ಪುತ್ತೂರಿನ ಮನೆಯ ಬಾವಿಕಟ್ಟೆಯಿಂದ ಬೇರಿದ್ದ ನಾಲ್ಕು ಬಳ್ಳಿ ತಂದೆ. ಅಗಲದ ಪಾಟ್, ಒದ್ದೆ ಮಣ್ಣು, ಸ್ವಲ್ಪ ನೆರಳು, ಇಷ್ಟಿದ್ದರೆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ತಿಮರೆ ಬರುತ್ತದೆ. ನೀವೂ ನೆಟ್ಟು ನೋಡಿ. ಎರಡು ಬಳ್ಳಿ ನನಗೆ, ಎರಡು ಅಕ್ಕನಿಗೆ.

ಅವರು ಖುಷಿಯಿಂದಲೇ ತಗೊಂಡರು. ಆಮೇಲೆ ನಕ್ಕು ಕೇಳಿದರು: “ಗದ್ದೆಯಷ್ಟು ದೊಡ್ಡ ಪಾಟ್ ಎಲ್ಲಿ ಸಿಗ್ತದೆ ಮೇಡಂ?”