ನಮ್ಮ ಬಿಸಿಲು, ನಮ್ಮ ಬಣ್ಣ



ತಾಳವಾಡಿಯ ಬಿಸಿಲು ಮೋಸದ ಬಿಸಿಲು. ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಾಟಿಯ 27 ತಿರುವುಗಳನ್ನು ದಾಟಿ ಮೇಲೆ ಬಂದ ಕೂಡಲೇ "ಅಬ್ಬಾ, ಎಂಥ ತಂಪು!" ಎನ್ನುತ್ತಾರೆ. ಗಾಳಿ ತಂಪಾಗಿರುವುದು ನಿಜ. ಆದರೆ ಬೆಳಿಗ್ಗೆಯಿಂದ ಕೋಸಿನ ಹೊಲದಲ್ಲಿ ಬಗ್ಗಿ ಕಳೆ ತೆಗೆದವರಿಗೆ ಸಂಜೆ ಕತ್ತಿನ ಹಿಂಭಾಗ ಉರಿಯುವುದೂ ಅಷ್ಟೇ ನಿಜ. ಚರ್ಮಕ್ಕೆ ಪೆಟ್ಟು ಕೊಡುವುದು ಬಿಸಿಲಿನ ಕಾವಲ್ಲ, ಅದರ ಜೊತೆಗೆ ಬರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ತಂಪುಗಾಳಿ ಬೀಸಿದರೆ ಆ ಕಿರಣ ಕಡಿಮೆಯಾಗುವುದಿಲ್ಲ. ಬದಲಿಗೆ ಎತ್ತರಕ್ಕೆ ಹೋದಷ್ಟೂ ಹೆಚ್ಚುತ್ತದೆ: ಪ್ರತಿ 1000 ಮೀಟರಿಗೆ ಸುಮಾರು ಶೇಕಡಾ 10ರಷ್ಟು. ಮೋಡ ಮುಸುಕಿದ ದಿನವೂ ಅದರ ಒಂದು ಪಾಲು ನೆಲಕ್ಕೆ ಇಳಿಯುತ್ತದೆ. ಏಪ್ರಿಲ್ 21ರ ಸುಮಾರಿಗೆ ಒಮ್ಮೆ, ಆಗಸ್ಟ್ 21ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಡುಮಧ್ಯಾಹ್ನ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗ ಹೊಲದಲ್ಲಿ ನೆಟ್ಟ ಕೋಲಿಗೂ ನೆರಳಿರುವುದಿಲ್ಲ.

ಈ ಬಿಸಿಲಿನಲ್ಲೇ ಹುಟ್ಟಿ, ಆಡಿ, ದುಡಿದವರು ನಾವು. ನಮ್ಮ ಬಣ್ಣಕ್ಕೂ ಈ ಬಿಸಿಲಿಗೂ ಇರುವ ಸಂಬಂಧ ಏನು ಎಂದು ನಮ್ಮ ಯುವಜನರ ಕೂಟದಲ್ಲಿ ಇತ್ತೀಚೆಗೆ ತುಂಬಾ ಮಾತಾಡಿದೆವು. ಮಾತು ಶುರುವಾಗಲು ಕಾರಣವೂ ಇತ್ತು.

ಈಸ್ಟರ್ ಮುಗಿದರೆ ಮದುವೆಗಳ ಕಾಲ. ನಮ್ಮ ಕೂಟದ ಒಬ್ಬ ಅಕ್ಕನನ್ನು ನೋಡಲು ಬಂದವರು ಊಟ ಮಾಡಿ, ನಗುನಗುತ್ತಾ ಮಾತಾಡಿ ಹೋದರು. ಆಮೇಲೆ ಫೋನಿನಲ್ಲಿ "ಹುಡುಗಿ ಒಳ್ಳೆಯವಳು, ಆದರೆ ಸ್ವಲ್ಪ ಕಪ್ಪು" ಎಂದರು. ಅಕ್ಕ ಯಾರಿಗೂ ಹೇಳದೆ ಒಂದು ಅಂಗಡಿಯಿಂದ ಚಿಕ್ಕ ಟ್ಯೂಬು ತಂದು ದಿನವೂ ಮುಖಕ್ಕೆ ಹಚ್ಚಿದಳು. ಎರಡು ಮೂರು ವಾರದಲ್ಲಿ ಮುಖ ತಿಳಿಯಾಯಿತು. ಎಲ್ಲರೂ ಹೊಗಳಿದರು. ಆಮೇಲೆ ಮೊಡವೆ ಎದ್ದವು, ಕೆನ್ನೆ ಕೆಂಪಾಯಿತು, ಸಣ್ಣ ಕೂದಲು ಬೆಳೆಯಿತು. ಬಿಸಿಲಿಗೆ ಹೋದರೆ ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿ. ಹಚ್ಚುವುದನ್ನು ಬಿಟ್ಟರೆ ಉರಿ ಇನ್ನೂ ಜಾಸ್ತಿ. ಕೊನೆಗೆ ಚರ್ಮದ ಡಾಕ್ಟರು ಟ್ಯೂಬನ್ನು ತಿರುಗಿಸಿ ನೋಡಿ, "ಇದರಲ್ಲಿರುವುದು ಸ್ಟಿರಾಯ್ಡ್. ಇದು ರೋಗಕ್ಕೆ ಕೊಡುವ ಔಷಧಿ ಕಣಮ್ಮ, ಬಣ್ಣಕ್ಕಲ್ಲ" ಎಂದರಂತೆ. ಗುಣವಾಗಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟು ಕಾಲ ಅವಳು ಭಾನುವಾರದ ಪೂಜೆಗೂ ಮುಖದ ಮೇಲೆ ದುಪಟ್ಟಾ ಎಳೆದುಕೊಂಡು ಬಂದು, ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದಳು.

ಇಂಥ ಕ್ರೀಮು ಚರ್ಮವನ್ನು ತೆಳುವಾಗಿಸುತ್ತದೆ, ಬಣ್ಣ ತಯಾರಾಗುವುದನ್ನು ತಗ್ಗಿಸುತ್ತದೆ. ನೋಡುವವರಿಗೆ ಅದು ಬೆಳ್ಳಗಾದ ಹಾಗೆ ಕಾಣುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಹಾಗಾಗಿ ಮೊದಲ ಮಾತು ಇದೇ: ಅಂಗಡಿಯವರು ಕೊಟ್ಟರು, ಗೆಳತಿ ಹೇಳಿದಳು ಎಂದು ಹೆಸರು ಗೊತ್ತಿಲ್ಲದ ಟ್ಯೂಬನ್ನು ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಮುಚ್ಚಿಡದೆ ಚರ್ಮದ ಡಾಕ್ಟರಿಗೆ ತೋರಿಸಿ. ನಿಲ್ಲಿಸುವ ಕ್ರಮವನ್ನು ಅವರೇ ಹೇಳಲಿ.

ಇನ್ನು, ಅಕ್ಕ ಕಳೆದುಕೊಳ್ಳಲು ಹೊರಟಿದ್ದ ಆ ಕಪ್ಪು ಯಾವುದು ಎಂದು ನೋಡೋಣ.

ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಅವು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು ಮಾಡಿ, ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ, ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಆ ಪೊಟ್ಟಣಗಳು ಪ್ರತಿ ಕೋಶದ ನಡುವಿನ ಬೀಜಕೇಂದ್ರದ ಮೇಲೆ, ಅದೂ ಬಿಸಿಲು ಬೀಳುವ ಕಡೆಗೇ, ಕೊಡೆ ಹಿಡಿದ ಹಾಗೆ ಕೂರುತ್ತವೆ. ಕೊಡೆಯ ಕೆಳಗಿರುವುದು ಡಿಎನ್‌ಎ. ಅತಿನೇರಳೆ ಕಿರಣ ಬಡಿದು ಕೆಡುವುದು ಅದೇ, ಅದು ಸರಿಹೋಗದೆ ಉಳಿದರೆ ಮುಂದೆ ಚರ್ಮದ ಕ್ಯಾನ್ಸರಿಗೂ ದಾರಿಯಾಗಬಹುದು. ಕಪ್ಪಗಿರುವವರಲ್ಲಿ, ಬೆಳ್ಳಗಿರುವವರಲ್ಲಿ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವು ಮಾಡುವ ಮೆಲನಿನ್ನಿನ ಬಗೆಯಲ್ಲಿ, ಪ್ರಮಾಣದಲ್ಲಿ, ಅದನ್ನು ಹಂಚುವ ರೀತಿಯಲ್ಲಿ.

ಈ ಕೊಡೆಗೆ ಇನ್ನೊಂದು ಕೆಲಸವೂ ಇರಬಹುದು. ನೀನಾ ಜಬ್ಲಾನ್‌ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ ಎಂಬ ವಿಜ್ಞಾನಿಗಳು 2000ದಲ್ಲಿ ಒಂದು ವಾದವನ್ನು ವಿವರವಾಗಿ ಮಂಡಿಸಿದರು. ಬಲವಾದ ಬಿಸಿಲು ರಕ್ತದಲ್ಲಿರುವ ಫೋಲೇಟ್ ಎಂಬ ವಿಟಮಿನ್ನನ್ನು ಹಾಳು ಮಾಡುತ್ತದೆ. ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆಯಲ್ಲಿರುವ ಫೋಲಿಕ್ ಆಮ್ಲ ಇದರದೇ ಒಂದು ರೂಪ. ಅದು ಕಡಿಮೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳದೆ ಹೋಗಬಹುದು. ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ಕಪ್ಪು ಚರ್ಮ ಉಳಿದು ಬಂದದ್ದಕ್ಕೆ ಇದೂ ಒಂದು ಕಾರಣ ಎಂಬುದು ಅವರ ವಾದ. ಬಿಸಿಲು ಕಡಿಮೆ ಇರುವ ಉತ್ತರದ ನಾಡುಗಳಲ್ಲಿ ವಿಟಮಿನ್ ಡಿ ತಯಾರಿಗೆ ಇರುವಷ್ಟು ಬಿಸಿಲೂ ಬೇಕು. ಅಲ್ಲಿ ತಿಳಿ ಬಣ್ಣವೇ ಅನುಕೂಲವಾಯಿತು. ಅವರವರ ಬಿಸಿಲಿಗೆ ಅವರವರ ಬಣ್ಣ. ಇದರಲ್ಲಿ ಮೇಲು ಯಾವುದು, ಕೀಳು ಯಾವುದು?

ಬಿಸಿಲಿಗೆ ಹೋದಾಗ ಇನ್ನಷ್ಟು ಕಪ್ಪಾಗುವುದೂ ಇದೇ ಕೊಡೆಯ ಕೆಲಸ. ಒಳಗೆ ಪೆಟ್ಟು ಬಿದ್ದಿದೆ ಎಂದು ಗೊತ್ತಾದ ಮೇಲೆ ಚರ್ಮ ಎರಡು ಮೂರು ದಿನದಲ್ಲಿ ಹೊಸ ಮೆಲನಿನ್ ಮಾಡಿ ಹಂಚುತ್ತದೆ. ಬಿಸಿಲು ತಪ್ಪಿದರೆ ಹಳೆಯ ಪದರ ಉದುರುತ್ತಾ ವಾರಗಳಲ್ಲಿ ಆ ಕಪ್ಪು ತಾನೇ ಇಳಿಯುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಕೆಲಸಕ್ಕೆ ಹೋಗಿ ಹಬ್ಬಕ್ಕೆ ಬರುವ ನಮ್ಮ ಗೆಳೆಯರನ್ನು ನೋಡಿ. "ಬೆಳ್ಳಗಾಗಿದ್ದೀಯ ಕಣಪ್ಪ, ಚೆನ್ನಾಗಿದ್ದೀಯ" ಎಂದು ಊರೆಲ್ಲ ಹೇಳುತ್ತದೆ. ಹೊಲದಲ್ಲೇ ಉಳಿದ ತಮ್ಮನಿಗೆ "ಕರ್ರಗಾಗ್ಬುಟ್ಟೆ" ಎನ್ನುತ್ತದೆ. ಒಬ್ಬ ಹಗಲೆಲ್ಲ ಟ್ಯೂಬ್‌ಲೈಟಿನ ಕೆಳಗೆ ದುಡಿದ, ಇನ್ನೊಬ್ಬ ಸೂರ್ಯನ ಕೆಳಗೆ ದುಡಿದ. ದುಡಿಮೆ ಇಬ್ಬರದೂ.

ಪವಿತ್ರ ಗ್ರಂಥದ ಪರಮಗೀತೆಯ ಮೊದಲ ಅಧ್ಯಾಯದಲ್ಲೂ ಬಿಸಿಲಿಗೆ ಕಪ್ಪಾದ ಒಬ್ಬಳಿದ್ದಾಳೆ. ಅಣ್ಣತಮ್ಮಂದಿರು ಅವಳನ್ನು ದ್ರಾಕ್ಷಿತೋಟ ಕಾಯಲು ಹಚ್ಚಿದ್ದರು. ಪಟ್ಟಣದ ಹೆಂಗಸರ ನೋಟಕ್ಕೆ ಅವಳು ಬಗ್ಗುವುದಿಲ್ಲ. ತಾನು ಕಪ್ಪು, ತಾನು ಚೆಲುವೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಇದನ್ನು ಓದಿದಾಗ ನಮಗೆ ಅರಿಶಿನದ ಹೊಲದಲ್ಲಿರುವ ಅಮ್ಮಂದಿರೇ ಕಣ್ಣಿಗೆ ಬಂದರು.

ಹಾಗಾದರೆ ಕಪ್ಪಗಿರುವವರಿಗೆ ಬಿಸಿಲಿನ ಚಿಂತೆಯೇ ಬೇಡವೇ? ಬೇಕು. ಕೊಡೆ ಇದೆ, ಆದರೆ ಮಳೆ ಪೂರ್ತಿ ತಡೆಯುವ ಕೊಡೆಯಲ್ಲ. 1979ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಕಪ್ಪು ಜನರ ಚರ್ಮದ ಹೊರಪದರಕ್ಕೆ ತಾನಾಗಿಯೇ ಸುಮಾರು 13 ಎಸ್‌ಪಿಎಫ್ ಇದೆ, ಬಿಳಿಯರ ಚರ್ಮಕ್ಕೆ ಸುಮಾರು 3 ಇದೆ ಎಂದು ಲೆಕ್ಕ ಹಾಕಿತು. ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ ಸನ್‌ಸ್ಕ್ರೀನ್ 30ರದ್ದು. ನಮ್ಮ ಬಣ್ಣ ಬಹುಪಾಲು ಈ ಎರಡರ ನಡುವೆ. ಆದ್ದರಿಂದ ನಮಗೆ ಚರ್ಮದ ಕ್ಯಾನ್ಸರ್ ಕಡಿಮೆ, ಆದರೆ ಸುಡುವುದು, ಕಣ್ಣಿನ ಪೊರೆ, ಕೆನ್ನೆಯ ಮೇಲಿನ ಬಂಗು ತಪ್ಪಿದ್ದಲ್ಲ. ಹೆರಿಗೆಯ ನಂತರ ಬಂಗು ಬಂದ ಅಕ್ಕಂದಿರಿಗೆ ಬಿಸಿಲು ಅದನ್ನು ಗಾಢ ಮಾಡುತ್ತದೆ. ತೊನ್ನು ಇದ್ದವರಿಗೆ ಆ ಬಿಳಿ ಜಾಗದಲ್ಲಿ ಕೊಡೆಯೇ ಇಲ್ಲ, ಬೇಗ ಸುಡುತ್ತದೆ. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಪೂಜೆಯಲ್ಲಿ ಅವರ ಪಕ್ಕ ಕೂರಲು ಯಾರೂ ಹಿಂಜರಿಯಬೇಕಾಗಿಲ್ಲ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಆಲ್ಬಿನಿಸಂ ಮಕ್ಕಳಿಗಂತೂ ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ದಿನದ ಅಗತ್ಯ. ಅವರಿಗೆ ಕಣ್ಣೂ ಮಂದವಿರುವುದರಿಂದ ಶಾಲೆಯಲ್ಲಿ ಮುಂದಿನ ಬೆಂಚು ಕೊಡಿಸಬೇಕು.

ನಾವು ಏನು ಮಾಡಬಹುದು? ನಮ್ಮ ಅಮ್ಮಂದಿರು ಮಾಡುವುದನ್ನೇ. ಸೀರೆಯ ಮೇಲೆ ಅಪ್ಪನ ಹಳೆಯ ಶರ್ಟು, ತಲೆಗೆ ಟವೆಲ್ ಸುತ್ತಿ ಹೊಲಕ್ಕೆ ಹೋಗುವುದನ್ನು ನೋಡಿ ನಗುವವರುಂಟು. ಅದು ಬಿಸಿಲಿಗೆ ಒಳ್ಳೆಯ, ಖರ್ಚಿಲ್ಲದ ಕಾಪು. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ತೆಳುವಾದ ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಇನ್ನೂ ಕಡಿಮೆ ತಡೆಯುತ್ತದೆ. ಅಗಲ ಅಂಚಿನ ಟೋಪಿ ಇದ್ದರೆ ಕಿವಿ, ಕತ್ತು ಉಳಿಯುತ್ತವೆ. ಹೊತ್ತು ನೋಡಲು ನೆರಳೇ ಗಡಿಯಾರ: ನಮ್ಮ ನೆರಳು ನಮಗಿಂತ ಕುಳ್ಳಗಾದರೆ ಕಿರಣ ಬಲವಾಗಿದೆ ಎಂದರ್ಥ. ಆಗುವ ಕೆಲಸವನ್ನು ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಇಟ್ಟುಕೊಳ್ಳೋಣ.

ಸನ್‌ಸ್ಕ್ರೀನ್ ಕೊಳ್ಳಲು ಆಗುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು, ಎರಡೂ ಬಗೆಯ ಅತಿನೇರಳೆ ಕಿರಣ ತಡೆಯುವುದನ್ನು ಕೊಳ್ಳಿ. ಮುಖ ಕತ್ತಿಗೆ ಎರಡು ಬೆರಳುದ್ದ ಹಚ್ಚಿ. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಸ್ಸಿನ ಗಾಜು ಒಂದು ಬಗೆಯ ಕಿರಣವನ್ನು ತಡೆದರೂ ಇನ್ನೊಂದನ್ನು ಬಹಳಷ್ಟು ಒಳಗೆ ಬಿಡುತ್ತದೆ ಎಂಬುದೂ ನೆನಪಿರಲಿ. ಹಾಗೆಂದು ಬಿಸಿಲಿಗೆ ಹೆದರಿ ಮನೆಯೊಳಗೇ ಕೂರುವುದೂ ಬೇಡ. ಮೂಳೆಗೆ ಬೇಕಾದ ವಿಟಮಿನ್ ಡಿ ತಯಾರಾಗುವುದು ಚರ್ಮಕ್ಕೆ ನೇರ ಬಿಸಿಲು ಬಿದ್ದಾಗಲೇ. ನಮ್ಮ ಬಣ್ಣದವರಿಗೆ ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹಗಲೆಲ್ಲ ಕಂಪನಿಯ ಒಳಗಿರುವ ಗೆಳೆಯರು ಇದನ್ನು ಗಮನಿಸಬೇಕು.

ಕೊನೆಯದಾಗಿ ಮಾತಿನ ವಿಷಯ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ ಅಂಡ್ ಲವ್ಲಿ' ಆಯಿತು. ಅಷ್ಟು ದೊಡ್ಡ ಕಂಪನಿಯೇ ಒಂದು ಪದ ಬಿಡಬಹುದಾದರೆ, ನಮ್ಮ ಮನೆಗಳೂ "ಹುಡುಗಿ ಸ್ವಲ್ಪ ಕಪ್ಪು" ಎಂಬ ಮಾತನ್ನು ಬಿಡಬಹುದು. ನಮ್ಮ ಕೂಟದಲ್ಲಿ ಹೀಗೆ ನಿಶ್ಚಯಿಸಿದ್ದೇವೆ: ನಮ್ಮ ಮನೆಗೆ ಹೆಣ್ಣು ನೋಡುವ ಮಾತು ಬಂದಾಗ ಬಣ್ಣದ ಪ್ರಶ್ನೆ ಎತ್ತುವುದಿಲ್ಲ, ಬೇರೆಯವರು ಎತ್ತಿದರೆ ಸುಮ್ಮನಿರುವುದಿಲ್ಲ. ದೊಡ್ಡವರ ಎದುರು ಹೇಳುವುದು ಕಷ್ಟ. ಆದರೂ ಗೌರವದಿಂದ, ನಗುಮುಖದಿಂದ ಹೇಳೋಣ. ನೀವೂ ನಿಮ್ಮ ಮನೆಯಲ್ಲಿ ಹೇಳಿ.

ಬಿಸಿಲಿನಿಂದ ಮೈ ಕಾಪಾಡಿಕೊಳ್ಳಿ. ಬಣ್ಣ ಇದ್ದ ಹಾಗೆಯೇ ಇರಲಿ.